ಡಬ್ಬದೊಳಗಿನ ವೈಫೈ, ಬಂಗಾರದ ಬಣ್ಣದ ಸ್ಟಿಕ್ಕರ್

ಬೇಕರಿಯ ಮೇಲಿನ ಆ ಎರಡು ಕೋಣೆಯ ಮನೆಯಲ್ಲಿ ಇಂಟರ್ನೆಟ್ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಮನೆಯ ಸೊಸೆ ಫೋನು ಹಿಡಿದು ಅಡುಗೆಮನೆಗೆ ಹೋದಳು, ಮೆಟ್ಟಿಲಿಗೆ ಹೋದಳು, ಬಚ್ಚಲ ಬಾಗಿಲಲ್ಲಿ ನಿಂತು ಕೈ ಮೇಲೆತ್ತಿಯೂ ನೋಡಿದಳು. ಬ್ರೆಡ್ಡಿನ ಆರ್ಡರುಗಳು ಬರುತ್ತಲೇ ಇಲ್ಲ. ಕಂಪನಿಯವರಿಗೆ ಫೋನು ಮಾಡಿ ಚೆನ್ನಾಗಿ ಬೈದದ್ದೂ ಆಯಿತು. ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ ಮೇಡಂ ಎಂದರು ಅವರು.

ಅವರು ಹೇಳಿದ್ದು ನಿಜವೇ. ವೈಫೈ ಕೊಡುವ ರೂಟರ್ ಚೆನ್ನಾಗಿಯೇ ಇತ್ತು. ಆದರೆ ಅದು ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬದೊಳಗೆ, ಬಿಗಿಯಾಗಿ ಮುಚ್ಚಳ ಹಾಕಿಸಿಕೊಂಡು ಕೂತಿತ್ತು. ತಂತಿ ಹಾಯಲು ಡಬ್ಬದ ಮೂಲೆಯಲ್ಲಿ ಅಚ್ಚುಕಟ್ಟಾಗಿ ಒಂದು ತೂತು ಬೇರೆ. ಹೀಗೆ ಕೂರಿಸಿದವಳು ಮನೆಯ ಯಜಮಾನತಿ ಬ್ರೆಡ್ಡಜ್ಜಿ.

ಇಡೀ ಬೀದಿ ಅವಳನ್ನು ಕರೆಯುವುದೇ ಹಾಗೆ. ಓವನ್ನಿನ ಮುಂದೆ ನಿಂತು ನಿಂತೇ ಕೂದಲು ಬೆಳ್ಳಗಾದ ಹೆಂಗಸು. ಬಾಗಿಲು ತೆರೆಯದೆ, ಬರೀ ವಾಸನೆಯಲ್ಲೇ ಬ್ರೆಡ್ಡು ಬೆಂದಿದೆಯೋ ಇಲ್ಲವೋ ಹೇಳಬಲ್ಲಳು. ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ. ಆದರೆ ಮೊಮ್ಮಗಳು ಹುಟ್ಟಿದ ಮೇಲೆ ಯಾರೋ ಕಳಿಸಿದ ಒಂದು ವಿಡಿಯೋ ನೋಡಿ ಅವಳ ಎದೆ ಧಸಕ್ಕೆಂದಿತ್ತು. ವೈಫೈ ತರಂಗ ಎಳೆಮಗುವಿನ ಮೆದುಳನ್ನೇ ಬೇಯಿಸಿಬಿಡುತ್ತದಂತೆ! ಬೇಯಿಸುವುದು ಎಂದರೇನು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂದೇ ಡಬ್ಬ ಖಾಲಿ ಮಾಡಿದಳು.

ಮಗುವಿನ ತೂಕ ನೋಡಲು ಆರೋಗ್ಯ ಕೇಂದ್ರದ ನರ್ಸ್ ಬಂದಳು. ಪಕ್ಕದ ಕೋಣೆಯ ತೊಟ್ಟಿಲಲ್ಲಿ ಮಗು ಗಾಢ ನಿದ್ದೆಯಲ್ಲಿತ್ತು. "ಏಳಲಿ ಬಿಡಿ, ಕಾಯ್ತೀನಿ. ಅಷ್ಟರಲ್ಲಿ ಒಂದಿಷ್ಟು ವಿವರ ಕಳಿಸಬೇಕು. ಸ್ವಲ್ಪ ವೈಫೈ ಕೊಡ್ತೀರಾ?" ಎಂದಳು.

"ಇದ್ರೆ ತಾನೇ ಕೊಡೋದು!" ಎಂದಳು ಸೊಸೆ.

ನರ್ಸ್ ಗೋಡೆಯ ತಂತಿಯ ಜಾಡು ಹಿಡಿದು ನೋಡಿದಳು. ತಂತಿ ಸೀದಾ ಬಿಸ್ಕತ್ತಿನ ಡಬ್ಬದೊಳಕ್ಕೆ ಹೋಗಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಅತ್ತೆ! ಆ ಕಂಪನಿಯವರನ್ನ ಸುಮ್ನೆ ಬೈದುಬಿಟ್ಟೆನಲ್ಲ!"

"ಬೈದೋಳು ನೀನು, ನಾನಲ್ಲ," ಎಂದಳು ಅಜ್ಜಿ. ಆಮೇಲೆ ನರ್ಸ್ ಕಡೆ ತಿರುಗಿದಳು. "ನಗಬೇಡ ಕಣಮ್ಮ. ನೆಟ್ಟು ಹೋದ್ರೆ ಹೋಗ್ಲಿ, ನಂಗೆ ಕೂಸು ಮುಖ್ಯ."

ನರ್ಸ್ ನಗು ನಿಲ್ಲಿಸಿ ಅಜ್ಜಿಯ ಪಕ್ಕದಲ್ಲೇ ಕೂತಳು. "ನಂಗೂ ಕೂಸೇ ಮುಖ್ಯ ಅಜ್ಜಿ. ಒಂದು ಮಾತು ಹೇಳಿ, ನಿಮ್ಮ ಓವನ್ ಬಾಯಿಗೆ ಕೈ ಇಟ್ರೆ ಏನಾಗತ್ತೆ?"

"ಸುಡತ್ತೆ."

"ಅಂಗಡಿ ಬಾಗಿಲಲ್ಲಿ ನಿಂತ್ರೆ?"

"ಅಷ್ಟು ದೂರ ಬಿಸಿ ಎಲ್ಲಿ ಬರತ್ತೆ?"

"ತರಂಗಾನೂ ಹಾಗೇ. ದೂರ ಹೋದಷ್ಟೂ ಬಲ ಕಳ್ಕೊಳ್ಳತ್ತೆ. ಅದೂ ಅಲ್ದೆ ರೂಟರ್ ಏನು ಓವನ್ನಾ? ಅದರ ಬಲ ತುಂಬಾ ಕಮ್ಮಿ. ಎಷ್ಟೋ ವರ್ಷದಿಂದ ಪರೀಕ್ಷೆ ಮಾಡ್ತಾನೇ ಇದ್ದಾರೆ. ಮನೆ ವೈಫೈಯಿಂದ ಮಗೂಗೆ ತೊಂದರೆ ಆಯ್ತು ಅಂತ ಇವತ್ತಿನವರೆಗೂ ತೋರಿಸಿದವರಿಲ್ಲ. ಡಬ್ಬದಲ್ಲಿಟ್ರೆ ರೂಟರ್ ಬಿಸಿಯಾಗತ್ತೆ, ಅಷ್ಟೇ. ಇನ್ನು ಫೋನಿಗೆ ಸಿಗ್ನಲ್ ಸರಿಯಾಗಿ ಸಿಗದಿದ್ರೆ ಅದು ಗಂಟಲು ಹರ್ಕೊಂಡು ಕೂಗತ್ತೆ, ಅಂದ್ರೆ ಇನ್ನೂ ಜೋರಾಗಿ ತರಂಗ ಬಿಟ್ಟು ಬಿಸಿಯಾಗತ್ತೆ. ಕಿವುಡರ ಹತ್ರ ನಾವು ಕೂಗಲ್ವಾ, ಹಾಗೆ."

ಅಜ್ಜಿ ಜಗ್ಗಲಿಲ್ಲ. "ಫೋನಿನ ಚಿಂತೆ ನಂಗಿಲ್ಲ. ಅದಕ್ಕೆ ತರಂಗ ತಡೆಯೋ ಸ್ಟಿಕ್ಕರ್ ಅಂಟಿಸಿದೀನಿ. ಬಂಗಾರದ ಬಣ್ಣದ್ದು. ಒಂದು ಚೂರೂ ಒಳಗೆ ಬಿಡಲ್ಲ, ಹೊರಗೆ ಬಿಡಲ್ಲ ಅಂತ ಮಾರೋನು ಆಣೆ ಮಾಡಿ ಹೇಳಿದಾನೆ."

"ಒಂದು ಚೂರೂ ಬಿಡಲ್ವಾ? ಹಾಗಾದ್ರೆ ನಿಮ್ಮ ಫೋನಿಗೆ ಕರೆ ಬರಲೇಬಾರ್ದು. ಕರೆ ಬರೋದೂ ಅಂಥದೇ ತರಂಗದ ಮೇಲೆ. ನಂಬರ್ ಹೇಳಿ, ನೋಡೇಬಿಡೋಣ."

ಸೊಸೆ ನಂಬರ್ ಹೇಳಿದಳು. ನರ್ಸ್ ಒತ್ತಿದಳು. ಸ್ವಲ್ಪ ಹೊತ್ತು ಸದ್ದಿಲ್ಲ. ಅಜ್ಜಿ ಗೆದ್ದವಳಂತೆ ಗಲ್ಲ ಮೇಲೆತ್ತಿದಳು. ಅಷ್ಟರಲ್ಲಿ ಫೋನು ಬಡಕೊಳ್ಳತೊಡಗಿತು.

"ಹಾಳಾಗಿ ಹೋಗ್ಲಿ! ಟೋಪಿ ಹಾಕಿಬಿಟ್ನಲ್ಲ ಆ ಮಹಾರಾಯ!"

ಆದರೆ ನರ್ಸ್ ಈ ಸಲ ನಗಲಿಲ್ಲ. ಸದ್ದು ಬರುತ್ತಿದ್ದದ್ದು ತೊಟ್ಟಿಲಿನ ಕಡೆಯಿಂದ.

"ಅಜ್ಜಿ, ಫೋನ್ ಎಲ್ಲಿಟ್ಟಿದೀರ?"

"ಕೂಸಿನ ಕಾಲ ಹತ್ರ. ಜೋಗುಳ ಹಾಡ್ಲಿ ಅಂತ. ಬೆಳಕು ಕಣ್ಣಿಗೆ ಬೀಳಬಾರ್ದು ನೋಡು, ಅದಕ್ಕೇ ರಜಾಯಿ ಮಡಿಕೆಯೊಳಗೆ ಸೇರಿಸಿದೀನಿ. ಚಾರ್ಜಿಗೂ ಹಾಕಿದೀನಿ."

ನರ್ಸ್ ಒಂದೇ ನೆಗೆತಕ್ಕೆ ಪಕ್ಕದ ಕೋಣೆಯಲ್ಲಿದ್ದಳು. ಮೊದಲು ಮಗುವನ್ನು ಎತ್ತಿ, ಹಿಂದೆಯೇ ಓಡಿಬಂದ ಸೊಸೆಯ ಕೈಗೆ ಕೊಟ್ಟಳು. ಗೋಡೆಯ ಸ್ವಿಚ್ ಆರಿಸಿದಳು. ದಪ್ಪ ಟವೆಲ್ಲಿನಲ್ಲಿ ಹಿಡಿದು ಫೋನನ್ನು ಹೊರಗೆಳೆದಳು. ಫೋನಿನ ಬೆನ್ನು ಹುದುಗಿದ ಹಿಟ್ಟಿನ ಹಾಗೆ ಉಬ್ಬಿತ್ತು. ಬಂಗಾರದ ಬಣ್ಣದ ಸ್ಟಿಕ್ಕರ್ ನಡುವೆ ಸೀಳಿತ್ತು. ರಜಾಯಿಯ ಒಳಮಡಿಕೆ ಕಂದು ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಓವನ್ನಿನ ವಾಸನೆಯಲ್ಲಿ ಈ ಬಟ್ಟೆ ಸೀದ ವಾಸನೆ ಅಜ್ಜಿಯ ಮೂಗಿಗೂ ತಿಳಿದಿರಲಿಲ್ಲ.

ನರ್ಸ್ ಅದನ್ನು ಬಾಲ್ಕನಿಯ ಬರಿ ಸಿಮೆಂಟು ನೆಲದ ಮೇಲೆ, ಬಟ್ಟೆಬರೆಯಿಂದ ದೂರ ಇಟ್ಟು ಬಂದಳು. "ಬ್ಯಾಟರಿ ಉಬ್ಬಿದೆ. ಇನ್ನೊಂಚೂರು ಹೊತ್ತಾಗಿದ್ರೆ ಹೊತ್ತಿಕೊಳ್ತಿತ್ತು. ಅದನ್ನ ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗಂತೂ ಹಾಕಲೇಬೇಡಿ. ಕಸದ ಬುಟ್ಟಿಗೂ ಎಸೀಬೇಡಿ. ರಿಪೇರಿ ಅಂಗಡಿಯವರಿಗೆ ಫೋನ್ ಮಾಡಿ, ಹೇಗೆ ತರಬೇಕು ಅಂತ ಮೊದಲೇ ಕೇಳಿ."

ಅಜ್ಜಿ ಬಂದು ಸೀದ ರಜಾಯಿಯನ್ನು ಮುಟ್ಟಿ ನೋಡಿದಳು. ಅಲ್ಲೇ ನೆಲದ ಮೇಲೆ ಕೂತಳು. ಅವಳಿಗೆ ಮಗುವಿನ ಮೇಲೆ ಪ್ರಾಣ. ಎಚ್ಚರಕ್ಕೂ ಕೊರತೆ ಇರಲಿಲ್ಲ. ಆದರೆ ಆ ಎಚ್ಚರವೆಲ್ಲ ಕಾಣದ ತರಂಗದ ಮೇಲೆ ಹೋಗಿ, ಕೈಗೆ ಸಿಗುವ ಬಿಸಿಯ ಮೇಲೆ ಇಲ್ಲದೇ ಹೋಗಿತ್ತು.

"ನನ್ನ ಕೈಯಾರೆ ಕೂಸಿನ ಕಾಲಡಿ ಬೆಂಕಿ ಇಟ್ಟಿದ್ದೆನಲ್ಲೇ," ಎಂದು ಅತ್ತಳು.

ಸೊಸೆ ಪಕ್ಕದಲ್ಲಿ ಕೂತು ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿದಳು. "ಅಳಬೇಡಿ ಅತ್ತೆ. ನಾನೂ ನೋಡಿರಲಿಲ್ಲ. ಈಗ ಇಬ್ರೂ ಕಲಿಯೋಣ." ಮಗು ಆಕಳಿಸಿತು. ಅದರ ಪುಟ್ಟ ಪಾದಗಳನ್ನು ಅಜ್ಜಿ ಮತ್ತೆ ಮತ್ತೆ ಸವರಿ ನೋಡಿದಳು. ಒಂದು ಸುಟ್ಟ ಗುರುತೂ ಇರಲಿಲ್ಲ.

"ಏನು ಮಾಡ್ಬೇಕು ಹೇಳು ತಾಯಿ," ಎಂದಳು ನರ್ಸಿಗೆ.

"ಫೋನನ್ನ ಹಾಸಿಗೆ ಮೇಲೆ, ದಿಂಬಿನ ಕೆಳಗೆ, ಬಟ್ಟೆ ಒಳಗೆ ಚಾರ್ಜ್ ಮಾಡಬಾರ್ದು. ಗಟ್ಟಿ ನೆಲ ಬೇಕು, ಸುತ್ತ ಗಾಳಿ ಬೇಕು. ಫೋನಿಗೆ ಹೊಂದೋ ಒಳ್ಳೆ ಚಾರ್ಜರ್ ಬಳಸಿ. ತಂತಿ ಹರಿದಿದ್ರೆ ಎಸೀರಿ. ಕೈ ಸುಡೋಷ್ಟು ಬಿಸಿಯಾದ್ರೆ ಕೂಡ್ಲೇ ಸ್ವಿಚ್ ಆರಿಸಿ. ತೊಟ್ಟಿಲಲ್ಲಿ ಮಗು ಬಿಟ್ಟು ಬೇರೆ ಏನೂ ಬೇಡ."

"ಜೋಗುಳ?"

"ನಿಮಗೆ ಬಾಯಿಲ್ವಾ ಅಜ್ಜಿ?"

ಅಜ್ಜಿ ಕಣ್ಣೊರೆಸಿಕೊಂಡು ನಕ್ಕೇಬಿಟ್ಟಳು. ಆಮೇಲೆ ಎದ್ದು ತಾನೇ ಡಬ್ಬದ ಮುಚ್ಚಳ ತೆಗೆದಳು, ರೂಟರನ್ನು ಹೊರಗಿನ ಕೋಣೆಯ ಬೀರುವಿನ ಮೇಲೆ ಗಾಳಿಯಾಡುವಂತೆ ಇಟ್ಟಳು. ಸೊಸೆಯ ಫೋನಿನಲ್ಲಿ ಆರ್ಡರುಗಳು ಟಿಣ್ ಟಿಣ್ ಎಂದು ಉದುರತೊಡಗಿದವು.

ಈಗ ಬ್ರೆಡ್ಡು ಕೊಳ್ಳಲು ಬಂದವರಿಗೆ ಅಜ್ಜಿಯದು ಒಂದೇ ಪ್ರಶ್ನೆ: "ಮನೇಲಿ ಫೋನ್ ಎಲ್ಲಿ ಚಾರ್ಜಿಗೆ ಹಾಕ್ತೀರ?" ಉತ್ತರ ಸರಿಯಿಲ್ಲದಿದ್ದರೆ ಪೊಟ್ಟಣ ಕೈಗೆ ಬರುವುದಿಲ್ಲ. ಹಸಿದವರು ಬೇಗ ಕಲಿಯುತ್ತಾರೆ ಎನ್ನುತ್ತಾಳೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಅದೇ ಪ್ರಶ್ನೆ ನಿಮಗೂ. ಹೆದರಿಸುವ ವಿಡಿಯೋ ಬಂದರೆ ಇನ್ನೊಬ್ಬರಿಗೆ ಕಳಿಸುವ ಮೊದಲು ಆರೋಗ್ಯ ಕೇಂದ್ರದಲ್ಲಿ ಕೇಳಿ. ತರಂಗ ತಡೆಯುವ ಸ್ಟಿಕ್ಕರಿಗೆ ಮಾರುಹೋಗಬೇಡಿ. ಈ ಹಾಳೆಯನ್ನು ಕೆಳಗಿಟ್ಟು ಈಗಲೇ ಎದ್ದು ಹೋಗಿ, ನಿಮ್ಮ ಮಗು ಮಲಗುವ ಹಾಸಿಗೆಯಲ್ಲಿ ಒಮ್ಮೆ ಕೈಯಾಡಿಸಿ ನೋಡಿ. ಅಲ್ಲಿ ಬೆಚ್ಚಗಿರಬೇಕಾದದ್ದು ಮಗು ಮಾತ್ರ.