ಕೆಂಚಯ್ಯ ಅಂಟಿಸಿದ ಗಾಜು

ಅರಸೀಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಮೇಧಿನಿಗೆ ಮೀನು ಸಾಕುವ ಹುಚ್ಚಿರಲಿಲ್ಲ, ನೀರೊಳಗಿನ ಗಿಡಗಳ ಹುಚ್ಚಿತ್ತು. ಹೈಡ್ರಿಲ್ಲಾ ಗಿಡ ಬಿಸಿಲಿಗೆ ಗುಳ್ಳೆ ಬಿಡುವುದನ್ನು ಮಕ್ಕಳಿಗೆ ತೋರಿಸಲು ಒಮ್ಮೆ ಜಾಡಿಯಲ್ಲಿ ನಾಲ್ಕು ಕಡ್ಡಿ ತಂದಿದ್ದಳು. ಪಾಠ ಮುಗಿದ ಮೇಲೂ ಎಸೆಯಲು ಮನಸ್ಸು ಬರಲಿಲ್ಲ. ಮನೆಗೆ ತಂದಿಟ್ಟುಕೊಂಡಳು.

2001ರ ಬೇಸಿಗೆ ರಜೆಯಲ್ಲಿ ಪೇಟೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಕೆಂಚಯ್ಯನಿಗೆ ಹೇಳಿ ಮೂರಡಿ ಉದ್ದದ ಗಾಜಿನ ತೊಟ್ಟಿ ಮಾಡಿಸಿದಳು. ತಳಕ್ಕೆ ಜರಡಿ ಹಿಡಿದ ಕೆರೆಗೋಡು ಮಣ್ಣು, ಅದರ ಮೇಲೆ ಹತ್ತು ನೀರಲ್ಲಿ ತೊಳೆದ ಮರಳು. ಅವಳ ತವರು ಹಳೇಬೀಡು. ಬಸ್ತಿಹಳ್ಳಿ ಕಡೆಯ ಕೆರೆಯಂಚಿನಲ್ಲಿ ಸೀರೆ ಎತ್ತಿಕಟ್ಟಿ ನೀರಿಗಿಳಿದು, ರಿಬ್ಬನ್ನಿನಂಥ ಎಲೆಯ ಗಿಡಗಳನ್ನು ಬೇರುಸಮೇತ ಕಿತ್ತು ಕ್ಯಾನಿನಲ್ಲಿ ತುಂಬಿಕೊಂಡು ಬಸ್ಸು ಹತ್ತಿದಳು.

"ಏನಮ್ಮಾ ಕ್ಯಾನಲ್ಲಿ? ಸೊಪ್ಪಾ?" ಎಂದು ಜಾವಗಲ್ಲಿನಲ್ಲಿ ಕಂಡಕ್ಟರ್ ಬಗ್ಗಿ ನೋಡಿದ.

"ಸಾರಿಗಾಗೋ ಸೊಪ್ಪಲ್ಲ ಕಣಪ್ಪ."

ಮೊದಲ ತಿಂಗಳು ಎಲ್ಲವೂ ಕೈಕೊಟ್ಟಿತು. ನೀರು ಹಾಲಿನಂತೆ ಬೆಳ್ಳಗಾಯಿತು, ಆಮೇಲೆ ಪಾಚಿಗಟ್ಟಿ ಹಸಿರಾಯಿತು. ಎಲೆಗಳು ಕರಗಿದವು. ಅವಸರಪಟ್ಟು ಬಿಟ್ಟ ಮೀನುಗಳು ಸತ್ತವು. ಅವಳು ಟ್ಯೂಬ್‌ಲೈಟ್ ಉರಿಸುವ ಹೊತ್ತು ಕಡಿಮೆ ಮಾಡಿದಳು, ಕೊಳೆತದ್ದನ್ನು ಕತ್ತರಿಸಿದಳು, ವಾರಕ್ಕೆ ನಾಲ್ಕು ಬಿಂದಿಗೆ ನೀರು ಬದಲಾಯಿಸುತ್ತ ಕಾದಳು. ದೀಪಾವಳಿಯ ಹೊತ್ತಿಗೆ ತೊಟ್ಟಿಯೊಳಗೊಂದು ಪುಟ್ಟ ಕಾಡೇ ಎದ್ದಿತ್ತು. ಹಳೇಬೀಡಿನ ಶಿಲ್ಪಿಯೊಬ್ಬರ ಅಂಗಳದಿಂದ ಕೇಳಿ ತಂದ ಬಳಪದ ಕಲ್ಲಿನ ಸುತ್ತ, ಹೊಸದಾಗಿ ಬಿಟ್ಟ ಗಪ್ಪಿ ಮೀನುಗಳು ಮರಿ ಹಾಕಿದವು.

"ಕೆರೆ ಹೊಲಸನ್ನೆಲ್ಲ ನಡುಮನೆಗೆ ತಂದಿಟ್ಟಿದ್ದೀಯ" ಎನ್ನುತ್ತಿದ್ದ ಗಂಡ ವಿಜಯಸಾರಥಿಯೂ ಸಂಜೆ ಕಚೇರಿಯಿಂದ ಬಂದವನು ಕುರ್ಚಿಯನ್ನು ಅದರ ಮುಂದೆಳೆದು ಕಾಫಿ ಕುಡಿಯತೊಡಗಿದ. ಮೇಧಿನಿಗೆ ಎಲ್ಲಕ್ಕಿಂತ ಹೆಚ್ಚು ಸಂತೋಷವಾದದ್ದು ಅದಕ್ಕೆ. ಮದುವೆಯಾದ ಆರು ವರ್ಷದಲ್ಲಿ ಮೊದಲ ಸಲ ತನ್ನದೆನ್ನುವ ಒಂದು ಇಷ್ಟ ಅವನದೂ ಆಗಿತ್ತು.

ಎರಡು ವರ್ಷ ಕಳೆದ ಮೇಲೆ ತಾಯಿ ವೇದವಲ್ಲಮ್ಮನವರ ಕಣ್ಣಿನ ಆಪರೇಷನ್ನಿಗೆಂದು ಹದಿನೈದು ದಿನ ಹಳೇಬೀಡಿಗೆ ಹೋಗಬೇಕಾಯಿತು. "ಮೀನಿಗೆ ದಿನಕ್ಕೊಂದು ಚಿಟಿಕೆ ಊಟ ಹಾಕಿ ಸಾಕು, ಬೇರೇನೂ ಮುಟ್ಟಬೇಡಿ" ಎಂದು ಗಂಡನಿಗೆ ಹೇಳಿ ಹೋಗಿದ್ದಳು. ವಾಪಸು ಬಂದಾಗ ತೊಟ್ಟಿ ಇಟ್ಟಿದ್ದ ಸ್ಟ್ಯಾಂಡು ಬರಿದಾಗಿತ್ತು.

"ಗಾಜಿನ ಜೋಡಣೆ ಬಿಟ್ಟುಹೋಯ್ತು ಮೇಧಿನಿ. ಮನೆಯೆಲ್ಲ ನೀರು. ಒಂದು ಮೀನೂ ಉಳಿಲಿಲ್ಲ" ಎಂದ ವಿಜಯಸಾರಥಿ. ಅವಳು ಅತ್ತಾಗ ಪಕ್ಕದಲ್ಲಿ ಕೂತು ಬೆನ್ನು ಸವರಿದ. "ನಿಂಗೆ ಫೋನ್ ಮಾಡೋಕೆ ಧೈರ್ಯ ಬರಲಿಲ್ಲ."

ಮಾರನೆಯ ದಿನ ಅವಳು ಕೆಂಚಯ್ಯನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ, "ನಂಬಿ ಕೊಟ್ಟರೆ ಹೀಗಾ ಕೆಲಸ ಮಾಡೋದು?" ಎಂದು ಕೂಗಾಡಿದಳು.

ಕೆಂಚಯ್ಯ ಕೈಲಿದ್ದ ಸುತ್ತಿಗೆ ಕೆಳಗಿಟ್ಟ. "ನಾನು ಅಂಟ್ಸಿದ್ದು ಬುಡೋದಿಲ್ಲ ಕಣ್ರಮ್ಮ. ಆದ್ರೆ ನೀವೇ ಯೋಳ್ತಿದ್ದೀರಿ ಅಂದ್ಮೇಲೆ ಬುಟ್ಟಿರ್ಬೇಕು. ಇನ್ನೊಂದು ಮಾಡ್ಕೊಡ್ತೀನಿ, ದುಡ್ಡು ಬ್ಯಾಡ."

"ನಿಮ್ಮ ಸಹವಾಸವೇ ಬೇಡ" ಎಂದು ಬಂದುಬಿಟ್ಟಳು.

ಎರಡು ತಿಂಗಳಾದ ಮೇಲೆ ಗಂಡನ ಮೇಲಧಿಕಾರಿ ನಂಜುಂಡಯ್ಯನವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. "ನಿಂಗೆ ಸ್ಕೂಲಿದೆಯಲ್ಲ, ನಾನೊಬ್ಬನೇ ಹೋಗಿಬರ್ತೀನಿ" ಎಂದಿದ್ದ ವಿಜಯಸಾರಥಿ. ಆದರೆ ಅವರ ಹೆಂಡತಿ ಕಮಲಾಕ್ಷಮ್ಮ ದಾರಿಯಲ್ಲಿ ಸಿಕ್ಕವರು ಕೈಹಿಡಿದು ಕರೆದಿದ್ದರು. ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಮೇಧಿನಿ ಶಾಲೆ ಬಿಟ್ಟವಳೇ ನೇರವಾಗಿ ಅಲ್ಲಿಗೆ ಹೋದಳು.

ನಡುಮನೆಯ ಮೂಲೆಯಲ್ಲಿ ಅವಳ ತೊಟ್ಟಿ ಇತ್ತು.

ಬಳಪದ ಕಲ್ಲು ಅದೇ. ಬಲಗಡೆಯ ಅಂಚಿನ ಅಂಟಿನಲ್ಲಿ ಮೂಡಿದ್ದ ಕೆಂಚಯ್ಯನ ಹೆಬ್ಬೆರಳಿನ ಗುರುತೂ ಅದೇ. ನೀರು ಮಬ್ಬಾಗಿತ್ತು, ಎಲೆಗಳ ಮೇಲೆ ಕಂದು ಪಾಚಿ ಕೂತಿತ್ತು, ಕೆಲವು ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು.

"ನೋಡಿದ್ರಾ? ನಿಮ್ಮೆಜಮಾನ್ರ ಕೈಕೆಲಸ!" ಎಂದರು ಕಮಲಾಕ್ಷಮ್ಮ. "ಕೆರೆಗಿಳಿದು ಗಿಡ ಕಿತ್ತು ತಂದು, ಎರಡು ವರ್ಷ ಕಷ್ಟಪಟ್ಟು ಬೆಳೆಸಿದ್ದಂತೆ. ನಮ್ಮನೆಯವರು ನಿಮ್ಮಲ್ಲಿಗೆ ಬಂದಾಗ ಚೆನ್ನಾಗಿದೆ ಅಂದ್ರಂತೆ, ಅಷ್ಟಕ್ಕೇ ತಂದಿಟ್ಟು ಹೋದ್ರು. ಎಂಥ ಮನಸ್ಸು!"

ಪ್ರಸಾದದ ದೊನ್ನೆ ಹಿಡಿದು ಬಾಗಿಲಲ್ಲಿ ನಿಂತಿದ್ದ ವಿಜಯಸಾರಥಿಯ ಮುಖ ಬಿಳುಚಿತು. ಹೆಂಡತಿಯತ್ತ ಬೇಡುವ ಹಾಗೆ ನೋಡಿದ. ಮೇಧಿನಿಯ ನಾಲಿಗೆಯ ತುದಿಗೆ ಮಾತು ಬಂದಿತ್ತು. ಆದರೆ ಪೂಜೆಯ ಮನೆ, ಏನೂ ಅರಿಯದೆ ನಗುತ್ತಿದ್ದ ಆ ಹೆಂಗಸು.

"ಊಟ ಜಾಸ್ತಿ ಹಾಕ್ತಿದ್ದೀರ" ಎಂದಳು. "ಚಿಟಿಕೆ ಸಾಕು. ನಾಳೆ ಬೆಳಿಗ್ಗೆ ಕಾಲುಭಾಗ ನೀರು ಬದಲಾಯಿಸಿ."

"ಅಯ್ಯೋ, ನಿಮಗೂ ಗೊತ್ತಾ ಇದೆಲ್ಲ?"

"ಸ್ವಲ್ಪ."

ಬೀದಿಗೆ ಬಂದ ಮೇಲೆ ವಿಜಯಸಾರಥಿ ತಾನಾಗಿಯೇ ಶುರುಮಾಡಿದ. "ಬಡ್ತಿ ಪಟ್ಟಿ ಅವರ ಕೈಲಿತ್ತು. ಕೇಳಿದ್ರೆ ನೀನು ಒಪ್ತಿರಲಿಲ್ಲ."

"ಕೇಳಿದ್ರೆ ಬಹುಶಃ ಕೊಡ್ತಿದ್ದೆ ಕಣ್ರೀ" ಎಂದಳು ಮೇಧಿನಿ. "ಅಷ್ಟು ಅತ್ತೆನಲ್ಲ, ಬೆನ್ನು ಸವರುವಾಗ ನಿಮಗೇನೂ ಅನಿಸಲಿಲ್ವಾ?"

ಅವನು ಬೇಗಬೇಗ ಹೆಜ್ಜೆ ಹಾಕತೊಡಗಿದ.

"ನಾಳೆ ನನ್ನ ಜೊತೆ ಬನ್ನಿ. ಗಾಜು ಬಿಟ್ಟಿರಲಿಲ್ಲ ಅಂತ ಕೆಂಚಯ್ಯನಿಗೆ ನೀವೇ ಹೇಳಿ."

"ಕಟ್ಟು ಹಾಕೋನ ಮುಂದೆ ಹೋಗಿ ನಿಂತ್ಕೊಳ್ಳಲಾ? ಮರ್ಯಾದೆ ಏನಾಗಬೇಕು?"

ಅವಳೊಬ್ಬಳೇ ಹೋದಳು. ಅಂಗಡಿಯಲ್ಲಿ ಅಂದು ಕೂಡ ಗಿರಾಕಿಗಳಿದ್ದರು. ಅವರೆದುರಿಗೇ, "ತಪ್ಪು ನಿಮ್ಮದಲ್ಲ ಕೆಂಚಯ್ಯ, ತೊಟ್ಟಿ ಗಟ್ಟಿಯಾಗೇ ಇದೆ. ನಾನು ಸುಳ್ಳು ನಂಬಿ ಬೈದುಬಿಟ್ಟೆ" ಎಂದಳು. ಯಾರ ಸುಳ್ಳೆಂದು ಆತ ಕೇಳಲಿಲ್ಲ. ಸ್ಟೂಲಿನ ಮೇಲಿನ ಗಾಜಿನ ಪುಡಿ ಒರೆಸಿ, "ಕೂತ್ಕಳಿ, ಕಾಪಿ ಯೋಳ್ತೀನಿ" ಎಂದ. ಅವಳು ತಲೆಯಾಡಿಸಿ ಕುಳಿತಳು.

ಯುಗಾದಿ ಕಳೆದ ಮೇಲೆ ವಿಜಯಸಾರಥಿಗೆ ಬಡ್ತಿ ಬಂತು. ಅದೇ ವಾರ ಹಾಸನದಿಂದ ಹೊಸ ಅಕ್ವೇರಿಯಂ ತಂದ. ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಎರಡು ಚಿನ್ನದ ಮೀನು. ತಾನೇ ನೀರು ತುಂಬಿಸಿದ, ತಾನೇ ಊಟ ಹಾಕಿದ. ಮೇಧಿನಿ ಅದರ ಮುಂದೆ ಹಾದುಹೋಗುತ್ತಿದ್ದಳೇ ಹೊರತು ನಿಲ್ಲುತ್ತಿರಲಿಲ್ಲ.

"ಇನ್ನೂ ಎಷ್ಟು ದಿನ ಹೀಗೆ?" ಎಂದು ಒಂದು ಸಂಜೆ ಅವನು ಕೇಳಿದ.

ಮೇಧಿನಿ ಉತ್ತರಪತ್ರಿಕೆಗಳಿಂದ ತಲೆ ಎತ್ತಿದಳು. "ಸಿಟ್ಟಿಲ್ಲ. ಎಂಟೊಂಬತ್ತು ವರ್ಷದಲ್ಲಿ ನೀವು ಹೇಳಿದ್ದನ್ನೆಲ್ಲ ಒಂದೊಂದಾಗಿ ಮತ್ತೆ ನೆನಪು ಮಾಡ್ಕೋತಿದ್ದೀನಿ. ಯಾವುದು ನಿಜ, ಯಾವುದು ಅಲ್ಲ ಅಂತ. ಇನ್ನೂ ಮುಗಿದಿಲ್ಲ."

ಅವನು ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆಳೆದು ಒಳಗೆ ಹೋದ. ಅವಳು ಮುಂದಿನ ಉತ್ತರಪತ್ರಿಕೆ ತೆಗೆದುಕೊಂಡಳು.