ವಿಮಾನದ ಗುಂಡಿ

ಹೊಸನಗರದ ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಗಿರಿಯಪ್ಪನಿಗೆ ಆ ವರ್ಷ, ಅಂದರೆ ಸಾವಿರದ ಒಂಬೈನೂರ ಅರವತ್ತೇಳರಲ್ಲಿ, ಕಂಡಕಂಡವರ ಮೇಲೆ ಸಿಟ್ಟು ಬರುತ್ತಿತ್ತು. ಗಿರಾಕಿ ಬಂದು ರೇಡಿಯೊ ಗೊರಗೊರ ಅನ್ನುತ್ತದೆ ಎಂದರೆ, "ನಿಮ್ಮನೇಲಿ ಗೊರಗೊರ ಅನ್ನದೆ ಇರೋದು ಯಾವ್ದಿದೆ ಹೇಳಿ" ಎಂದು ಕೇಳಿಬಿಡುತ್ತಿದ್ದ. ಪಾಪ, ಗಿರಾಕಿಗಳದ್ದೇನೂ ತಪ್ಪಿರಲಿಲ್ಲ. ಅವನು ಕೈಯಾರೆ ಮಾಡಿದ ವಿಮಾನ ಅವನ ಮಾತು ಕೇಳುತ್ತಿರಲಿಲ್ಲ, ಅಷ್ಟೆ.

ವಿಮಾನವೆಂದರೆ ಜನ ಕೂರುವಂಥದ್ದಲ್ಲ. ರೆಕ್ಕೆ ಈ ತುದಿಯಿಂದ ಆ ತುದಿಗೆ ಮೂರು ಮೊಳ. ಬೂರುಗದ ಮರದ ತೆಳು ಪಟ್ಟಿ, ಬಿದಿರಿನ ಸೀಳು, ಮೇಲೆ ಹೆಂಡತಿ ಹಾಲಮ್ಮನ ಹಳೇ ರೇಷ್ಮೆ ಸೀರೆಯ ಹೊದಿಕೆ. ಮೂತಿಯಲ್ಲಿ ಹೆಬ್ಬೆರಳಿನ ಗಾತ್ರದ ಇಂಜಿನ್. ಸೀಮೆಎಣ್ಣೆ, ಹರಳೆಣ್ಣೆ, ಡಾಕ್ಟರ ಹತ್ತಿರ ಬೇಡಿ ತಂದ ಈಥರ್ ಮೂರನ್ನೂ ಬೆರೆಸಿ ಕುಡಿಸಿದರೆ ಅದು ಕಿವಿ ತೂತಾಗುವ ಹಾಗೆ ಕಿರುಚುತ್ತಿತ್ತು. ಹೊಟ್ಟೆಯೊಳಗೆ ಪುಟ್ಟ ರೇಡಿಯೊ. ನೆಲದ ಮೇಲೆ ನಿಂತ ಗಿರಿಯಪ್ಪನ ಕೈಯಲ್ಲಿ ಉದ್ದ ಕಡ್ಡಿ ಸಿಕ್ಕಿಸಿದ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯ ಪಕ್ಕಕ್ಕೆ ಒಂದೇ ಒಂದು ಗುಂಡಿ. ಒಮ್ಮೆ ಒತ್ತಿ ಹಿಡಿದರೆ ವಿಮಾನ ಬಲಕ್ಕೆ ತಿರುಗುತ್ತದೆ. ಬಿಟ್ಟರೆ ನೇರ ಹೋಗುತ್ತದೆ. ಮತ್ತೆ ಒತ್ತಿದರೆ ಎಡಕ್ಕೆ. ತಿರುಗಿಸಿ ತಕ್ಷಣ ಬಿಡಬೇಕು. ಬಿಡದೆ ಒತ್ತಿಕೊಂಡೇ ಇದ್ದರೆ ವಿಮಾನ ಸುತ್ತುತ್ತ ಸುತ್ತುತ್ತ ಮೂತಿ ಕೆಳಗೆ ಮಾಡಿ ನೆಲಕ್ಕೆ ಬೀಳುತ್ತದೆ.

ಈ ಹುಚ್ಚು ಹತ್ತಿದ್ದು ಮಿಲಿಟರಿಯಲ್ಲಿ. ಏಳು ವರ್ಷ ಅವನು ಸಿಗ್ನಲ್ಸ್ ವಿಭಾಗದಲ್ಲಿದ್ದ. ಅಲ್ಲೊಬ್ಬ ಸಾಹೇಬರು ಭಾನುವಾರ ಬಂದರೆ ಇಂಥ ವಿಮಾನ ಹಾರಿಸುತ್ತಿದ್ದರು. ವರ್ಗವಾಗಿ ಹೋಗುವಾಗ ಒಂದು ಇಂಜಿನ್ನನ್ನು ಗಿರಿಯಪ್ಪನ ಅಂಗೈಗೆ ಹಾಕಿ ಹೋದರು. ಊರಿಗೆ ಬಂದ ಮೇಲೆ ಅವನು ರಿಪೇರಿ ಅಂಗಡಿ ತೆರೆದ, ಮದುವೆಯಾದ, ವಿಮಾನಕ್ಕೆ ಕೈಹಾಕಿದ. ಗಾಳಿಗೆ ರೇಡಿಯೊ ಅಲೆ ಬಿಡಲು ಸರ್ಕಾರದ ಲೈಸೆನ್ಸ್ ಬೇಕೆಂದು ದಿಲ್ಲಿಗೆ ಕಾಗದ ಬರೆದ. ಹದಿನಾಲ್ಕು ತಿಂಗಳು ಉತ್ತರವಿಲ್ಲ. ಕೊನೆಗೆ ಲೈಸೆನ್ಸ್ ಕೈಗೆ ಬರುವಷ್ಟರೊಳಗೆ ಪೊಲೀಸರು ಎರಡು ಸಲ ಬಂದು, ಇವನು ಶತ್ರುದೇಶಕ್ಕೆ ಸುದ್ದಿ ಕಳಿಸುವವನಿರಬೇಕೆಂದು ಹಾಸಿಗೆ ಕೊಡವಿ ನೋಡಿ ಹೋಗಿದ್ದರು.

ಅವನಿಗೆ ಬೇಕಾಗಿದ್ದು ದೊಡ್ಡದೇನಲ್ಲ. ವಿಮಾನ ಮೇಲೇರಬೇಕು, ಅವನು ಹೇಳಿದಾಗ ತಿರುಗಬೇಕು, ಒಂದು ಸುತ್ತು ಬಂದು ಅವನ ಕಾಲ ಬುಡದಲ್ಲೇ ಇಳಿಯಬೇಕು. ಗೇಣಿ ಮಾಡುವವನ ಮಗನಾಗಿ ಹುಟ್ಟಿ ಹದಿನೆಂಟು ವರ್ಷ ಒಬ್ಬರ ಮಾತು ಕೇಳಿದ, ಮಿಲಿಟರಿಗೆ ಸೇರಿ ಏಳು ವರ್ಷ ಇನ್ನೊಬ್ಬರ ಮಾತು ಕೇಳಿದ. ಈ ಲೋಕದಲ್ಲಿ ತನ್ನ ಮಾತು ಕೇಳುವಂಥದ್ದು ಒಂದಾದರೂ ಇರಲಿ ಎಂಬ ಆಸೆ ಅವನಿಗೆ. ಇದನ್ನು ಹಾಲಮ್ಮನ ಹತ್ತಿರ ಒಮ್ಮೆ ಹೇಳಿದ್ದ. "ಅದ್ಕೇ ನನ್ನ ಬಿಟ್ಟು ಅದ್ನ ಕಟ್ಕೊಂಡ್ರಾ?" ಎಂದು ಅವಳು ನಕ್ಕಿದ್ದಳು.

ಮೊದಲ ಸಲ ಹಾರಿಸಿದಾಗ ವಿಮಾನ ನೆಟ್ಟಗೆ ಕಾಡಿನ ಕಡೆ ನಡೆಯಿತು. ಗುಂಡಿ ಒತ್ತಿದ್ದೇ ಒತ್ತಿದ್ದು, ಅದು ತಿರುಗಿಯೂ ನೋಡಲಿಲ್ಲ. ನಾಲ್ಕು ದಿನದ ಮೇಲೆ ಸೌದೆಗೆ ಹೋದವರು ಅದನ್ನು ಮುಟ್ಟಲು ಹೆದರಿ, ಕೋಲಿಗೆ ನೇತುಹಾಕಿಕೊಂಡು ತಂದುಕೊಟ್ಟರು. ಎರಡನೆಯ ಸಲ ಬ್ಯಾಟರಿಯ ತಂತಿ ಸಡಿಲಾಗಿ ಹಳ್ಳಕ್ಕೆ ಬಿತ್ತು. ಎರಡು ಸಲವೂ ರೆಕ್ಕೆ ಮುರಿಯಿತು, ಎರಡು ಸಲವೂ ತಿಂಗಳುಗಟ್ಟಲೆ ಕೂತು ಕಟ್ಟಿದ. ಮೂರನೆಯದಕ್ಕೆ ಉಳಿದಿದ್ದು ಒಂದೇ ದಿನ. ಈ ಸೀಮೆಯಲ್ಲಿ ವಿಮಾನ ಓಡಾಡುವಷ್ಟು ಬಯಲು ಇದ್ದರೆ ಅದು ಕೊಯ್ಲಾದ ಗದ್ದೆ ಮಾತ್ರ. ನಗರವೆಂಬ ಹಳ್ಳಿಯ ಹತ್ತಿರ ಅವನ ಅಪ್ಪ ಜಟ್ಟಪ್ಪ ಗೇಣಿಗೆ ಮಾಡುತ್ತಿದ್ದ ಮುಕುಂದಯ್ಯನವರ ಗದ್ದೆ ಅಂಥದ್ದು. ಎರಡು ಮಳೆ ಬಿದ್ದಾಗಿತ್ತು.

"ಸೋಮವಾರ ನೇಗಿಲು ಕಟ್ತೀನಿ," ಎಂದಿದ್ದ ಜಟ್ಟಪ್ಪ. "ಆಮೇಲೆ ನಿನ್ನ ಹಕ್ಕಿ ತಂದ್ರೆ ಒಲೆಗೆ ಹಾಕ್ತೀನಿ. ಈಥರು ಕೊಡೋ ಡಾಕ್ಟ್ರೂ ಇನ್ನು ಕೊಡಲ್ಲ ಅಂದಾರಂತೆ. ಸಾಕಲ್ಲ ಮಾರಾಯ."

ಹಾಗಾಗಿ ಭಾನುವಾರ ಬೆಳಿಗ್ಗೆ ಗಿರಿಯಪ್ಪ ಗದ್ದೆಯ ನಡುವೆ ನಿಂತ. ಬದುವಿನ ಮೇಲೆ ಊರಿಗೆ ಊರೇ ಕೂತಿತ್ತು. ಇಂಜಿನ್ ಹೊತ್ತಿಕೊಳ್ಳಲಿ ಎಂದು ಅವನು ಪಂಖ ತಿರುಗಿಸಿದ, ಮತ್ತೆ ತಿರುಗಿಸಿದ, ಇಪ್ಪತ್ತು ಸಲ ತಿರುಗಿಸಿದ. ಬೆರಳು ಸೀಳಿ ರಕ್ತ ಬಂತು. ಬದುವಿನಿಂದ ಸಲಹೆಗಳು ಬರತೊಡಗಿದವು: ಕಾಯಿ ಒಡೆದಿಲ್ಲ, ಅದಕ್ಕೆ. ಮೂತಿ ತೆಂಕಕ್ಕೆ ಮಾಡಿದ್ದಾನೆ, ಅದಕ್ಕೆ. ಒಬ್ಬನಂತೂ ಹಿಂದಿನಿಂದ ತಳ್ಳಿದರೆ ಹೊರಡಬಹುದು, ಬಸ್ಸು ಹಾಗೆಯೇ ಹೊರಡುತ್ತದೆ ಎಂದ. ಗಿರಿಯಪ್ಪ ಹಲ್ಲು ಕಚ್ಚಿಕೊಂಡು ಇಪ್ಪತ್ತೊಂದನೆಯ ಸಲ ತಿರುಗಿಸಿದ. ಇಂಜಿನ್ ಕಿರುಚಿತು.

ಹಾಲಮ್ಮ ಸೀರೆ ಎತ್ತಿ ಕಟ್ಟಿ, ವಿಮಾನವನ್ನು ತಲೆಯ ಮೇಲೆ ಹಿಡಿದು ಗಾಳಿಗೆ ಎದುರಾಗಿ ಓಡಿದಳು. ನಕ್ಕವರು ನಕ್ಕರು. ಅವಳು ಎಸೆದಳು. ವಿಮಾನ ಒಂದು ಸಲ ಕುಸಿದು, ಚೇತರಿಸಿಕೊಂಡು, ಮೇಲೇರಿತು.

ಗಿರಿಯಪ್ಪ ಉಸಿರು ಬಿಡಲಿಲ್ಲ. ತೆಂಗಿನ ಮರದ ಎತ್ತರ ದಾಟಿದ ಮೇಲೆ ಮೊದಲ ಸಲ ಗುಂಡಿ ಒತ್ತಿದ. ವಿಮಾನ ಬಲಕ್ಕೆ ವಾಲಿತು. ಬಿಟ್ಟ, ನೇರವಾಯಿತು. ಒತ್ತಿದ, ಎಡಕ್ಕೆ ವಾಲಿತು. ಬಿಟ್ಟ, ನೇರವಾಯಿತು. ಹೇಳಿದ ಹಾಗೆ ಕೇಳುತ್ತಿದೆ! ಬದುವಿನ ಮೇಲಿನ ನಗು ನಿಂತೇಹೋಯಿತು. ಅವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಬಾಯಲ್ಲೇ "ಬಲ, ಎಡ, ಬಲ" ಎಂದು ಲೆಕ್ಕ ಇಡುತ್ತ ಅವನು ವಿಮಾನವನ್ನು ಗುಡ್ಡದ ನೆತ್ತಿಯಿಂದ ತಿರುಗಿಸಿದ. ಅದು ಅವನ ಕಡೆ ಮುಖ ಮಾಡಿತು. ಇನ್ನು ಎಡಕ್ಕೊಂದು ಸಣ್ಣ ತಿರುವು. ಇಂಜಿನ್ನಿನ ಎಣ್ಣೆ ತೀರಿದ ಮೇಲೆ ತಾನಾಗಿ ತೇಲಿ ಬಂದು ಇಳಿಯುತ್ತದೆ. ಮೂರು ವರ್ಷದ ಕೆಲಸ ಇನ್ನು ಅರ್ಧ ನಿಮಿಷಕ್ಕೆ ಬಂದು ನಿಂತಿತ್ತು.

"ಎಂತದು ಗಿರಿಯಪ್ಪ, ಹಾರ್ತಾ?"

ಬೆನ್ನ ಹಿಂದೆ ಮುಕುಂದಯ್ಯನವರ ದನಿ. ಕೊಡೆ ಹಿಡಿದುಕೊಂಡು, ಈ ಬಿಸಿಲಲ್ಲಿ ಒಂದು ಮೈಲಿ ನಡೆದು ವಿಮಾನ ನೋಡಲೆಂದೇ ಬಂದಿದ್ದರು. ಒಳ್ಳೆಯ ಮನುಷ್ಯ. ಗದ್ದೆಯಲ್ಲಿ ಹಾರಿಸುತ್ತೇನೆ ಎಂದಾಗ ಬೇಡವೆಂದವರಲ್ಲ. ಈಗಲೂ ಅವರು ಕೇಳಿದ್ದು ಅಷ್ಟೇ, ಹಾರಿತೇ ಎಂದು.

ಗಿರಿಯಪ್ಪ ತಿರುಗಿದ. ಸೊಂಟ ಬಗ್ಗಿತು. ಹೆಗಲ ಮೇಲಿನ ಟವೆಲು ತಾನಾಗಿ ಕಂಕುಳಿಗೆ ಇಳಿಯಿತು. ಎರಡೂ ಕೈ ಎದೆಯ ಮುಂದೆ ಬಂದು ಕೂಡಿಕೊಂಡವು, ನಡುವೆ ತಗಡಿನ ಪೆಟ್ಟಿಗೆ ಇದ್ದ ಹಾಗೆಯೇ. "ಹೌದು ಅಯ್ಯಾ. ದಯಮಾಡ್ಸಿದ್ರಾ?" ಎಂದ. ಗುಂಡಿ ಅಂಗೈಯ ಅಡಿಯಲ್ಲಿತ್ತು. ಅಯ್ಯನವರು "ಹೂಂ, ಹೂಂ" ಎನ್ನುವ ತನಕ ಕೈ ಬಿಡಿಸುವ ರೂಢಿಯಿಲ್ಲ. ಅವರು ಕೊಡೆ ಮಡಿಸಿ, ಬೆವರು ಒರೆಸಿ, ಆಮೇಲೆ "ಹೂಂ, ಹೂಂ" ಎಂದರು.

ಅಷ್ಟರಲ್ಲಿ ಹಾಲಮ್ಮ ಕಿರುಚಿದ್ದಳು. ಗಿರಿಯಪ್ಪ ತಲೆಯೆತ್ತಿದಾಗ ವಿಮಾನ ಮೂತಿ ಕೆಳಗಾಗಿ ಸುತ್ತುತ್ತಿತ್ತು. ಗುಂಡಿ ಬಿಟ್ಟ. ತಡವಾಗಿತ್ತು. ಕೂಳೆ ನಿಂತ ಗದ್ದೆಗೆ ಅದು ಹೋಗಿ ಹೊಡೆದ ಸದ್ದು ಬಹಳ ಸಣ್ಣದು, ಒಣಗಿದ ಮಡಕೆಯೊಂದು ಒಡೆದಷ್ಟೇ.

ಇಂಜಿನ್ನಿನ ಉಕ್ಕಿನ ಕಡ್ಡಿ ಬಗ್ಗಿತ್ತು. ಅದನ್ನು ನೆಟ್ಟಗೆ ಮಾಡುವ ಯಂತ್ರ ಸಾಗರದಲ್ಲೂ ಇರಲಿಲ್ಲ, ತೀರ್ಥಹಳ್ಳಿಯಲ್ಲೂ ಇರಲಿಲ್ಲ. ಜನ ಸುತ್ತ ನೆರೆದು ಕಾರಣ ಹುಡುಕಿದರು. ಗಾಳಿ ಎಂದರು, ದೃಷ್ಟಿಯಾಯಿತು ಎಂದರು. ಮುಕುಂದಯ್ಯನವರಂತೂ ನಿಜವಾಗಿ ನೊಂದುಕೊಂಡರು.

"ಛೆ, ನಾ ಬರೋದಕ್ಕೂ ಬೀಳೋದಕ್ಕೂ ಸಮ ಆಯ್ತಲ್ಲ. ಇನ್ನೊಂದು ಮಾಡು. ಮುಂದಿನ್ವರ್ಷಾನೂ ಗದ್ದೆ ಇಲ್ಲೇ ಇರ್ತದೆ."

"ಆಗ್ಲಿ ಅಯ್ಯಾ," ಎಂದ ಗಿರಿಯಪ್ಪ. ಆಗಲೂ ಕೈ ಮುಗಿದೇ ಇತ್ತು. ಅದನ್ನು ಅವನು ನೋಡಿಕೊಂಡ. ಅಯ್ಯನವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರು ತಪ್ಪು ಮಾಡಿರಲಿಲ್ಲ. ಕೈ ಮುಗಿ ಎಂದು ಯಾರೂ ಹೇಳಿರಲಿಲ್ಲ. ಏಳು ವರ್ಷ ಸೆಲ್ಯೂಟ್ ಹೊಡೆದು ಹೊಡೆದು ಆ ಹಳೇ ಅಭ್ಯಾಸ ಬಿಟ್ಟುಹೋಗಿದೆ ಎಂದು ಅವನು ನಂಬಿಕೊಂಡಿದ್ದ. ತನ್ನ ಕೈಗಳನ್ನೇ ಕಡಿದು ಹಾಕುವಷ್ಟು ಕೋಪ ಬಂತು ಅವನಿಗೆ.

ಚೂರುಗಳನ್ನು ಗೋಣಿಗೆ ತುಂಬುವಾಗ ಅಪ್ಪ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಮೂರು ವರ್ಷದಲ್ಲಿ ವಿಮಾನದ ವಿಷಯಕ್ಕೆ ಒಂದು ಒಳ್ಳೆಯ ಮಾತು ಆಡದ ಜಟ್ಟಪ್ಪನ ಮುಖ ಅರಳಿತ್ತು.

"ನಾ ನೋಡ್ತಿದ್ದೆ ಕಣೋ. ಬೇರೆ ಯಾರಾದ್ರೂ ಆಗಿದ್ರೆ ಆಕಾಶ ನೋಡ್ಕಂತಾ ನಿಂತಿರ್ತಿದ್ರು. ನೀನು ಅದ್ನ ಬಿಟ್ಟು ಅಯ್ಯಂಗೆ ಕೈ ಮುಗ್ದೆ. ಪೇಟೆ ಸೇರಿ ಮಗ ಕೆಟ್ಟ ಅಂದ್ಕಂಡಿದ್ದೆ. ಇಲ್ಲ. ಇವತ್ತು ನಂಗೆ ಹೊಟ್ಟೆ ತುಂಬ್ತು."

ಗಿರಿಯಪ್ಪನ ಬಾಯಿಗೆ ಏನೇನೋ ಬಂತು. ಅಪ್ಪನ ಮುಖ ನೋಡಿ, ಉಳಿದ ಚೂರುಗಳನ್ನು ಗೋಣಿಗೆ ತುಂಬಿದ. ಹಾಲಮ್ಮ ಗೋಣಿಯ ಬಾಯಿ ಕಟ್ಟುತ್ತ ಗಂಡನತ್ತ ಒಮ್ಮೆ ನೋಡಿದಳು.

ಮಾರನೆಯ ದಿನ ಅವನು ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತ. ಇಂಜಿನ್ನಿಗೆ ಸಾಹೇಬರಿಗೇ ಕಾಗದ ಬರೆದರಾಯಿತು. ಮೊದಲು ಪೆಟ್ಟಿಗೆ ಸರಿಯಾಗಬೇಕು. ನಿನ್ನೆ ಆದದ್ದು ಇನ್ನೊಮ್ಮೆ ಆಗಬಾರದು. ಹಳೇ ಬಿಲ್ಲಿನ ಬೆನ್ನಿಗೆ ಅವನು ಹೊಸ ಪೆಟ್ಟಿಗೆಯ ಚಿತ್ರ ಬರೆದ. ಪಕ್ಕದಲ್ಲಿದ್ದ ಗುಂಡಿಯನ್ನು ತಳಕ್ಕೆ ಇಳಿಸಿದ. ಎರಡು ಬದಿಗೆ ಕೊಂಡಿ ಹಾಕಿ, ಕುತ್ತಿಗೆಗೆ ತೂಗುಹಾಕುವ ಚರ್ಮದ ಪಟ್ಟಿ ಸೇರಿಸಿದ. ಕೈ ತೆಗೆದರೆ ಗುಂಡಿ ತಾನಾಗಿ ಬಿಟ್ಟುಕೊಳ್ಳಬೇಕು, ವಿಮಾನ ನೇರ ಹಾರುತ್ತಿರಬೇಕು. ಸರಳ ಉಪಾಯ. ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ತನ್ನನ್ನೇ ಬೈದುಕೊಂಡ.

ಅಳತೆ ನೋಡಲು ಒಂದು ಮರದ ತುಂಡಿಗೆ ಹಗ್ಗ ಕಟ್ಟಿ ಕೊರಳಿಗೆ ಹಾಕಿಕೊಂಡ. ಎದ್ದು ನಿಂತು ಎರಡೂ ಕೈ ಕೂಡಿಸಿದ. ಕೈ ತುಂಡಿಗೆ ತಗಲಿತು. ಹಗ್ಗವನ್ನು ಎರಡು ಬೆರಳು ಉದ್ದ ಮಾಡಿ ಮತ್ತೆ ಕೂಡಿಸಿದ. ಸ್ವಲ್ಪ ಬಗ್ಗಿ ನೋಡಿದ. ಈ ಸಲ ಎಲ್ಲಿಯೂ ತಗಲಲಿಲ್ಲ. ಸೊಗಸಾಗಿತ್ತು. ಖಾತ್ರಿಗೆಂದು ಇನ್ನಷ್ಟು ಬಗ್ಗಿದ.

ಬುತ್ತಿ ತಂದ ಹಾಲಮ್ಮ ಅರ್ಧ ಬಾಗಿಲಲ್ಲಿ ನಿಂತಿದ್ದಳು. ಅಂಗಡಿಯ ಒಳಗೆಲ್ಲ ಒಮ್ಮೆ ಕಣ್ಣಾಡಿಸಿದಳು.

"ಇಲ್ಲಿ ಯಾರೂ ಇಲ್ವಲ್ಲ," ಎಂದಳು. "ಯಾರಿಗೆ ಕೈ ಮುಗೀತಿದ್ದೀರಿ?"