ಸೊಪ್ಪಿನಕ್ಕನ ಚುಕ್ಕೆ

ಸೊಪ್ಪಿನಕ್ಕ ಬೀದಿಯಲ್ಲಿ ನಡೆದು ಹೋಗುವಾಗ ಅವರು ಯಾವ ಮನೆಗೆ ಹೊರಟಿದ್ದಾರೆಂದು ಊಹಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಎಡಗಾಲನ್ನು ಕೊಂಚ ಹೊರಕ್ಕೆಸೆದಂತೆ ಇಡುವ, ಅವಸರವೂ ಅಲ್ಲದ ಆಲಸ್ಯವೂ ಅಲ್ಲದ ಆ ನಡಿಗೆ ಎಲ್ಲ ಗೇಟುಗಳ ಮುಂದೆಯೂ ಒಂದೇ ಸಮನಾಗಿರುತ್ತಿತ್ತು. ನೋಡುತ್ತಿದ್ದವರು ಒಮ್ಮೆ ಕಣ್ಣು ಮಿಟುಕಿಸುವುದರೊಳಗೆ ಯಾವುದೋ ಒಂದು ಗೇಟು ಅವರನ್ನು ನುಂಗಿಬಿಟ್ಟಿರುತ್ತಿತ್ತು. ವೃತ್ತಿಯಿಂದ ಅವರು ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ ನರ್ಸು. ಆದರೆ ಬಿಳಿಯ ಸಮವಸ್ತ್ರದ ಮೇಲೆ ಕತ್ತಿನವರೆಗೆ ಗುಂಡಿ ಹಾಕಿದ ಕಂದುಬಣ್ಣದ ಉದ್ದ ಕೋಟು, ಕೈಯಲ್ಲಿ ತರಕಾರಿಯ ಚೀಲ, ಚೀಲದ ಬಾಯಿಂದ ಇಣುಕುವ ಒಂದು ಕಟ್ಟು ಸೊಪ್ಪು. ಹತ್ತಿ, ಕತ್ತರಿ, ಮುಲಾಮುಗಳೆಲ್ಲ ಆ ಹಸಿರಿನ ಅಡಿಯಲ್ಲಿ ಅಜ್ಞಾತವಾಸ ಮಾಡುತ್ತಿದ್ದವು. ಸಂಜೆ ಆ ಸೊಪ್ಪು ಮನೆಯ ಒಲೆಗೇರಲೇಬೇಕಷ್ಟೆ. ಟೈಲರ್ ವೃತ್ತಿಯ ಅವರ ಯಜಮಾನರು ತಟ್ಟೆಯ ಮುಂದೆ ಕೂತು, “ಕಾಯಿಲೆ ಅವರದ್ದು, ಪಥ್ಯ ಮಾತ್ರ ನನ್ನದು” ಎಂದು ನಿಟ್ಟುಸಿರು ಬಿಡುತ್ತಿದ್ದರಂತೆ.

ಅವರು ಕಟ್ಟುವುದು ಪಟ್ಟಿಯಾದರೆ ನಾನು ಬರೆಯುವುದೂ ಪಟ್ಟಿಯೇ. ಯಾವ ನರ್ಸು ಯಾವ ಮನೆಗೆ, ಎಷ್ಟು ಗಂಟೆಗೆ ಎಂದು ಗೊತ್ತುಮಾಡುವುದು ಅವರನ್ನು ಮನೆಗಳಿಗೆ ಕಳಿಸುವ ಸಂಸ್ಥೆಯ ಕಚೇರಿಯಲ್ಲಿ ನನ್ನ ಕೆಲಸ. ಹೆಸರು ವಿಳಾಸಗಳೆಲ್ಲ ನನ್ನೆದುರೇ ಇದ್ದರೂ ಸೊಪ್ಪಿನಕ್ಕ ಒಂದು ದಿನವೂ ನನ್ನ ಬಳಿ ರೋಗಿಯೊಬ್ಬರ ಹೆಸರೆತ್ತಿದವರಲ್ಲ. ಶುಶ್ರೂಷೆ ಯಾವ ವಾರ ಆರಂಭವಾಯಿತೋ ಅದೇ ಆ ರೋಗಿಯ ಹೆಸರು. “ಸೋಮವಾರ ಇವತ್ತು ಎದ್ದು ಕೂತಿದ್ರು. ಶುಕ್ರವಾರಕ್ಕೆ ಯಾಕೋ ಸಿಡುಕು ಜಾಸ್ತಿ. ಚಿಕ್ಕ ಬುಧವಾರಕ್ಕೆ ಹೊಲಿಗೆ ಬಿಚ್ಚಿದೆ.” ಹೊಸದಾಗಿ ಕೆಲಸಕ್ಕೆ ಸೇರಿದವರು, ಈಯಮ್ಮ ಹವಾಮಾನ ವರದಿ ಓದುತ್ತಿದ್ದಾರೆಂದೇ ತಿಳಿಯುತ್ತಿದ್ದರು.

ಇಂಥವರ ಬಾಳಿಗೆ ಹಸಿರು ಚುಕ್ಕೆಯೊಂದು ಬಂದು ಅಂಟಿಕೊಂಡಿತು.

ನಮ್ಮ ಮ್ಯಾನೇಜರರು ಸಜ್ಜನರು. ಹೊಸ ವಸ್ತು ಕಂಡರೆ ಹಿಗ್ಗಿ ಹೀರೇಕಾಯಿಯಾಗುವುದೊಂದೇ ಅವರ ದೌರ್ಬಲ್ಯ. ಅವರು ಮಾಡಿಸಿದ ಆ್ಯಪಿನಲ್ಲಿ ಪ್ರತಿಯೊಬ್ಬ ನರ್ಸಿನ ಹೆಸರು, ಭಾವಚಿತ್ರ, ಮತ್ತು ಅವರು ಈ ಕ್ಷಣ ಎಲ್ಲಿದ್ದಾರೆಂದು ನಕ್ಷೆಯ ಮೇಲೆ ತೋರಿಸುವ ಹಸಿರು ಚುಕ್ಕೆ ಇರುತ್ತಿತ್ತು. ಸಂಸ್ಥೆಯ ಸೇವೆ ಪಡೆಯುವ ನಾನೂರು ಮನೆಗಳವರೂ ಅದನ್ನು ದಿನವಿಡೀ ನೋಡಬಹುದಿತ್ತು. ಉತ್ಸಾಹ ತಡೆಯಲಾರದೆ ಮ್ಯಾನೇಜರರು ತಮ್ಮ ಚುಕ್ಕೆಯನ್ನೂ ಅದರಲ್ಲಿ ಸೇರಿಸಿಕೊಂಡಿದ್ದರು.

ಆಗ ಸೊಪ್ಪಿನಕ್ಕನ ‘ಮಂಗಳವಾರ’ ಒಬ್ಬ ಸಂಗೀತದ ಮೇಷ್ಟ್ರು. ಬೆನ್ನಿನ ಶಸ್ತ್ರಚಿಕಿತ್ಸೆಯ ಗಾಯಕ್ಕೆ ದಿನ ಬಿಟ್ಟು ದಿನ ಪಟ್ಟಿ ಬದಲಿಸಬೇಕಿತ್ತು. ಶಿಷ್ಯರ ಸಂಗೀತ ಕಛೇರಿಗೆ ಇನ್ನೆರಡೇ ತಿಂಗಳು ಉಳಿದಿತ್ತು. ಸುದ್ದಿ ತಿಳಿದರೆ ಪಾಪ ಮೇಷ್ಟ್ರಿಗೆ ತೊಂದರೆ ಬೇಡವೆಂದು ತಾಯಂದಿರು ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸಿಯಾರೆಂಬ ಭಯದಲ್ಲಿ ಅವರು ಯಾರಿಗೂ ಹೇಳಿರಲಿಲ್ಲ. ಎರಡು ಮನೆ ಆಚೆಯ ಸೊಸೆಯೊಬ್ಬಳು, ಅತ್ತೆಯ ಚುಚ್ಚುಮದ್ದಿಗಾಗಿ ಸೊಪ್ಪಿನಕ್ಕನ ದಾರಿ ಕಾಯುತ್ತ ಫೋನು ನೋಡಿದಳು. ಚುಕ್ಕೆ ಮೇಷ್ಟ್ರ ಮನೆಯ ಮೇಲೆ ನಲವತ್ತು ನಿಮಿಷ ಕದಲದೆ ಕೂತಿತ್ತು. ಅವಳದು ಮರುಗುವ ಮನಸ್ಸು. ಮರುದಿನ ಹಣ್ಣಿನ ಬುಟ್ಟಿಯೊಂದಿಗೆ ಅವಳು ಮೇಷ್ಟ್ರ ಬಾಗಿಲು ತಟ್ಟಿದಳು. ಸಂಜೆಯೊಳಗೆ ಬೀದಿಯೇ ಬಂದು ಕನಿಕರ ಸುರಿಸಿ ಹೋಯಿತು. ಆ ವಾರ ಪಾಠಕ್ಕೆ ಬಂದ ಮಕ್ಕಳು ಮೂವರೇ.

ಮುಂದಿನ ಸಲ ಸೊಪ್ಪಿನಕ್ಕ ಹೋದಾಗ ಬಾಗಿಲು ತೆರೆಯಲಿಲ್ಲ. ಕಿಟಕಿಯ ಸಂದಿಯಿಂದ ದನಿ ಮಾತ್ರ ಬಂತು: “ಇನ್ನು ಬರಬೇಡಿ ಸಿಸ್ಟರ್. ನೀವು ಬರ್ತೀರಿ, ನಿಮ್ಮ ಬೆನ್ನ ಹಿಂದೆ ಊರೇ ಬರುತ್ತೆ.”

ಪಟ್ಟಿ ಬದಲಿಸದೆ ನಾಲ್ಕು ದಿನ ಕಳೆದರೆ ಆ ಗಾಯ ಏನಾಗುತ್ತದೆಂದು ಸೊಪ್ಪಿನಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಮರುದಿನ ಕಚೇರಿಯ ಸಭೆಯಲ್ಲಿ ಅವರು ಎದ್ದು ನಿಂತರು.

“ಸರ್, ಕಾಯ್ತಿರೋ ಮನೆಯವರಿಗೆ ನಾನು ಬರ್ತಿದೀನಿ ಅಂತ ಗೊತ್ತಾದ್ರೆ ಸಾಕಲ್ವಾ? ಎಲ್ಲಿಂದ ಬರ್ತಿದೀನಿ ಅನ್ನೋದು ಯಾಕೆ?”

“ಪಾರದರ್ಶಕತೆ, ಸಿಸ್ಟರ್! ಮುಚ್ಚಿಡೋಕೆ ನಮ್ಮಲ್ಲಿ ಏನಿದೆ?”

“ನಿಮ್ಮ ಚುಕ್ಕೇನೂ ಇದೆಯಲ್ಲ ಸರ್ ಅದರಲ್ಲಿ. ಆ್ಯಪು ಬಂದ ದಿನದಿಂದಲೇ ನೋಡಿ ಬರ್ಕೊಂಡಿದೀನಿ.”

ಕೋಟಿನ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. ಮ್ಯಾನೇಜರರು ಎಲ್ಲೆಲ್ಲಿ, ಎಷ್ಟೆಷ್ಟು ಹೊತ್ತು ಇದ್ದರೆಂಬ ಲೆಕ್ಕ ಅದರಲ್ಲಿತ್ತು. ಗಟ್ಟಿಯಾಗಿ ಓದಿಬಿಟ್ಟಿದ್ದರೆ ಗೆಲುವು ಅಲ್ಲೇ ಆಗುತ್ತಿತ್ತು. ಹದಿನೇಳು ಜೊತೆ ಕಿವಿಗಳು ನಿಮಿರಿ ನಿಂತಿದ್ದವು. ಅವರು ಓದಲಿಲ್ಲ. ಹೋಗಿ ಮ್ಯಾನೇಜರರ ಕೈಗಿತ್ತು ಬಂದು ಕೂತರು. ಮ್ಯಾನೇಜರರು ಓದಿದರು, ಕಿವಿ ಕೆಂಪಾಯಿತು, ಇನ್ನೊಮ್ಮೆ ಓದಿ, ಶರಟಿನ ಜೇಬಿಗಿಳಿಸಿ, ಗುಂಡಿ ಹಾಕಿದರು.

“ಇದು... ಎಷ್ಟು ಜನಕ್ಕೆ ಕಾಣುತ್ತೆ?”

“ನಾನೂರು ಮನೆಗೆ, ಸರ್.”

ಆ್ಯಪು ಮಾಡಿದವರನ್ನು ಅಂದೇ ಕರೆಸಲಾಯಿತು. ಮುಂದೆ ಚುಕ್ಕೆ ಕಾಣಿಸಿದ್ದು ಕಾಯುತ್ತಿರುವ ಮನೆಗೆ ಮಾತ್ರ, ಅದೂ ನರ್ಸು ತಲುಪುವ ಮುಂಚಿನ ಹತ್ತು ನಿಮಿಷ. ಹೆಸರು, ಭಾವಚಿತ್ರಗಳ ಬದಲಿಗೆ ಆ ಮನೆಯವರಿಗಷ್ಟೇ ತಿಳಿದ ಒಂದು ಸಂಖ್ಯೆ. ಕಾಗದದಲ್ಲಿ ಏನಿತ್ತೆಂದು ನಾನು ಸೊಪ್ಪಿನಕ್ಕನನ್ನು ಕಾಡಿ ಬೇಡಿ ಕೇಳಿದ್ದುಂಟು. “ಅದು ಅವರ ವಾರ. ನಿಂಗ್ಯಾಕೆ?” ಎಂದು ಬಾಯಿ ಮುಚ್ಚಿಸಿದರು.

ಆದರೆ ಆ ಬದಲಾವಣೆಗೆ ಹಿಡಿದ ದಿನಗಳನ್ನು ಅವರು ಕಾಯಲಿಲ್ಲ. ಸಭೆ ಮುಗಿದೊಡನೆ ಫೋನನ್ನು ನನ್ನ ಮೇಜಿನ ಮೇಲಿಟ್ಟು ಹೊರಟರು. ಹಸಿರು ಚುಕ್ಕೆ ಮಧ್ಯಾಹ್ನವೆಲ್ಲ ನನ್ನ ಪಕ್ಕದಲ್ಲಿ ಗುಂಡುಕಲ್ಲಿನಂತೆ ಕೂತಿತ್ತು. ನಿಮ್ಮ ನರ್ಸು ನಿದ್ದೆ ಮಾಡ್ತಿದಾರಾ ಎಂದು ಎರಡು ಮನೆಯವರು ಕರೆ ಮಾಡಿ ಕೇಳಿದರು. ಸೊಪ್ಪಿನಕ್ಕ ಆ ಹೊತ್ತಿಗೆ ಮೇಷ್ಟ್ರ ಹಿಂಬಾಗಿಲಲ್ಲಿದ್ದರು. “ಮೇಷ್ಟ್ರೇ, ಫೋನು ಆಫೀಸಲ್ಲಿದೆ. ನಾನೆಲ್ಲಿದೀನಿ ಅಂತ ಈಗ ನಿಮಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ. ತೆಗೀರಿ ಬಾಗಿಲು.” ಒಳಗಿಂದ ಚಿಲಕದ ಸದ್ದಾಯಿತು. ಗಾಯ ಕೀವಾಗಿತ್ತು, ಮೈ ಸುಡುತ್ತಿತ್ತು. ಇನ್ನೆರಡು ದಿನ ತಡವಾಗಿದ್ದರೆ ಕೈ ಮೀರುತ್ತಿತ್ತೆಂದು ವೈದ್ಯರು ಆಮೇಲೆ ಅಂದರು.

ಗಾಯ ಮಾಯಿತು, ಮಕ್ಕಳು ಒಬ್ಬೊಬ್ಬರಾಗಿ ಮರಳಿದರು, ಶಿಷ್ಯರ ಕಛೇರಿಯೂ ನಡೆಯಿತು. ಸೊಪ್ಪಿನಕ್ಕ ನನ್ನೊಡನೆ ಕೊನೆಯ ಸಾಲಿನಲ್ಲಿ ಕೂತು ಕೇಳಿದರು. ಮುಗಿದ ಮೇಲೆ ಮೇಷ್ಟ್ರು ಎಲ್ಲರಿಗೂ ಕೈಮುಗಿಯುತ್ತ ನಮ್ಮನ್ನು ದಾಟಿ ಹೋದರು. ಅಕ್ಕನ ಮೇಲೆ ಅವರ ದೃಷ್ಟಿ ಅರೆಗಳಿಗೆಯೂ ಹೆಚ್ಚಾಗಿ ನಿಲ್ಲಲಿಲ್ಲ. ನನಗೆ ಕಸಿವಿಸಿಯಾಯಿತು. ಅಕ್ಕನೋ ದಾರಿಯುದ್ದಕ್ಕೂ ಹಿಗ್ಗುತ್ತ ಬಂದರು. “ನೋಡಿದ್ಯಾ, ಎಷ್ಟು ಚೆನ್ನಾಗಿ ವಾಸಿಯಾಗಿದಾರೆ! ನನ್ನ ಗುರುತೇ ಸಿಗಲಿಲ್ಲ!” ವರ್ಷ ಕಳೆದ ಮೇಲೆ ಮೇಷ್ಟ್ರೇ ಈ ಪ್ರಸಂಗವನ್ನೆಲ್ಲ ಅಭಿನಯಸಮೇತ ಬೀದಿಯವರಿಗೆ ಹೇಳಿ ನಗಿಸಿದರು. ಅದು ಅವರ ಕತೆ; ಹೇಳುವ ಹೊತ್ತನ್ನು ಅವರೇ ಆರಿಸಿಕೊಂಡಿದ್ದರು.

ಪರರ ಮನೆಯ ಒಳಕೋಣೆಯವರೆಗೆ ಹೋಗಿಬರುವ ವೃತ್ತಿಯವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಮಡಿಸದ ಹಾಸಿಗೆಯನ್ನೂ ದಿಂಬಿನ ಕೆಳಗಿನ ಮಾತ್ರೆಗಳನ್ನೂ ಅವರು ಕಂಡಿರುತ್ತಾರೆ. ಕಂಡದ್ದನ್ನು ಹೊಸಿಲಿನಾಚೆಗೆ ಹೊತ್ತು ತಾರದಿರುವುದಕ್ಕೆ ಯಾವ ಶಾಲೆಯೂ ಅವರಿಗೆ ಪದವಿ ಕೊಡುವುದಿಲ್ಲ. ಆದರೂ ನಾವು ಅಪರಿಚಿತರಿಗೆ ಬಾಗಿಲು ತೆರೆದು ಬೆನ್ನು ತೋರಿಸಿ ಮಲಗುವ ಧೈರ್ಯ ಮಾಡುತ್ತೇವಲ್ಲ, ಅದು ಇಂಥವರು ಇದ್ದಾರೆಂಬ ನಂಬಿಕೆಯಿಂದಲೇ.